ಕಲ್ಲೆಣ್ಣೆಯ ಕಾರ್ಖಾನೆಗಳಲ್ಲಿ ಅನಿಲದ ಕಾವಲು

ಕೃಷ್ಣರಾಜಪೇಟೆಯಿಂದ ಶ್ರವಣಬೆಳಗೊಳದ ಕಡೆಗೆ ಹೋಗುವ ಮಾರ್ಗದಲ್ಲಿ ಕಿಕ್ಕೇರಿಯೆಂಬ ಗ್ರಾಮವಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಹೊಯ್ಸಳರ ಕಾಲದ ಬ್ರಹ್ಮೇಶ್ವರನ ದೇಗುಲದಿಂದಲೂ, ಕವಿ ಕೆ. ಎಸ್. ನರಸಿಂಹಸ್ವಾಮಿಗಳು 1915ರಲ್ಲಿ ಹುಟ್ಟಿದ ಊರೆಂಬ ಹೆಸರಿನಿಂದಲೂ ಅದು ಪ್ರಸಿದ್ಧವಾಗಿರುವುದು. ಕಬ್ಬು, ಬತ್ತ, ತೆಂಗು, ಕೆರೆ ಇವುಗಳ ನಡುವೆ ಬಾಳುವ ಇಂತಹ ಊರಿನವರಿಗೆ ಕಲ್ಲೆಣ್ಣೆಯ ಕಾರ್ಖಾನೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಮಂಡ್ಯದ ಜಿಲ್ಲೆಯಲ್ಲಿ ಎಣ್ಣೆಯನ್ನು ಶುದ್ಧಿಮಾಡುವ ಕಾರ್ಖಾನೆಯೊಂದೂ ಇಲ್ಲವೆಂಬುದು ನಿಜವೇ. ಆದರೆ ಅಡಿಗೆಯ ಮನೆಯ ಮೂಲೆಯಲ್ಲಿ ನಿಂತಿರುವ ಕೆಂಪು ಸಿಲಿಂಡರನ್ನು ಒಮ್ಮೆ ನೋಡಿದರೆ ಈ ಪ್ರಶ್ನೆಗೆ ಉತ್ತರವು ತಾನೇ ದೊರೆಯುವುದು. ಅದರೊಳಗಿನ 14.2 ಕಿಲೋಗ್ರಾಮು ಅನಿಲವು ಹೊಲದಲ್ಲಿ ಬೆಳೆದುದಲ್ಲ. ಅದು ಎಲ್ಲಿಯೋ ಒಂದು ಕಾರ್ಖಾನೆಯಲ್ಲಿ ಹುಟ್ಟಿ, ಅಥವಾ ಹಡಗಿನಲ್ಲಿ ಬಂದಿಳಿದು, ಕೊಳವೆಯಲ್ಲಿಯೂ ಲಾರಿಯಲ್ಲಿಯೂ ಪ್ರಯಾಣಮಾಡಿ, ನಮ್ಮ ಒಲೆಯನ್ನು ಸೇರಿದ ವಸ್ತು. ಆ ದಾರಿಯುದ್ದಕ್ಕೂ ಅದನ್ನು ಕಾಯುವವರು ಯಾರು, ಅದು ಸೋರಿದರೆ ತಿಳಿಯುವ ಬಗೆ ಹೇಗೆ, ಎಂಬುದನ್ನು ಅರಿತುಕೊಳ್ಳುವುದು ಅದನ್ನು ಉಪಯೋಗಿಸುವ ಪ್ರತಿಯೊಂದು ಕುಟುಂಬಕ್ಕೂ ಸಲ್ಲುವ ವಿಷಯವೆಂದು ನಾವು ನಂಬಿರುವೆವು.

ಮಂಗಳೂರಿನ ಬಾಗಿಲು

ನಮ್ಮ ನಾಡಿನಲ್ಲಿ ಈ ವಸ್ತುವಿನ ದೊಡ್ಡ ಹೆಬ್ಬಾಗಿಲು ಮಂಗಳೂರು. ಸುರತ್ಕಲ್ಲಿನ ಬಳಿಯ ಕುತ್ತೆತ್ತೂರಿನಲ್ಲಿ ಮಂಗಳೂರು ರಿಫೈನರಿಯು ವರ್ಷಕ್ಕೆ ಸುಮಾರು 150 ಲಕ್ಷ ಟನ್ನು ಕಚ್ಚಾ ಎಣ್ಣೆಯನ್ನು ಬಟ್ಟಿಯಿಳಿಸಬಲ್ಲ ಕಾರ್ಖಾನೆಯಾಗಿರುವುದು. ಬಂಡೆಯನ್ನು ಕೊರೆದು ಮಾಡಿದ ಭೂಗತ ಗುಹೆಗಳಲ್ಲಿ 15 ಲಕ್ಷ ಟನ್ನು ಕಚ್ಚಾ ಎಣ್ಣೆಯನ್ನು ದೇಶದ ಆಪತ್ಕಾಲಕ್ಕೆಂದು ಕೂಡಿಡುವ ಏರ್ಪಾಡೂ ಅಲ್ಲಿಯೇ ಉಂಟು. ಉಡುಪಿಯ ಕಡೆಯ ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ನಿನ ಗುಹೆಗಳಿವೆ. ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರುಗಳಿಗೆ ಅಡಿಗೆಯ ಅನಿಲವನ್ನು ಸಾಗಿಸುವ ಸುಮಾರು 400 ಕಿಲೋಮೀಟರು ಉದ್ದದ ಕೊಳವೆಯು ಘಟ್ಟವನ್ನೇರಿ ಬಂದಿರುವುದು.

ಈ ಕೊಳವೆಯ ಬೆಲೆಯನ್ನು ತಿಳಿಯಬೇಕಾದರೆ 2013ರ ಏಪ್ರಿಲ್ 9ನ್ನು ನೆನೆಯಬೇಕು. ಅಂದು ದಕ್ಷಿಣ ಕನ್ನಡದ ಉಪ್ಪಿನಂಗಡಿಗೆ ಸಮೀಪದ ಪೆರ್ನೆಯಲ್ಲಿ ಹೆದ್ದಾರಿಯ ಮೇಲೆ ಅನಿಲದ ಲಾರಿಯೊಂದು ಉರುಳಿಬಿದ್ದಿತು. ಹೊರಬಂದ ಅನಿಲವು ರಸ್ತೆಯ ಬದಿಯ ಮನೆಗಳವರೆಗೆ ಹರಡಿ ಹೊತ್ತಿಕೊಂಡಿತು. ರಸ್ತೆಗೂ ಲಾರಿಗೂ ಯಾವ ಸಂಬಂಧವೂ ಇಲ್ಲದೆ ತಮ್ಮ ಮನೆಯಲ್ಲಿದ್ದ ಹೆಂಗಸರೂ ಮಕ್ಕಳೂ ಅದಕ್ಕೆ ಆಹುತಿಯಾದರು. ಉರುಳಿದ ಲಾರಿಯ ಮುಂದೆ ಯಾವ ಕಾವಲಿನ ಯಂತ್ರವನ್ನೂ ನಿಲ್ಲಿಸಲು ಸಾಧ್ಯವಿಲ್ಲ. ಆದರೆ ಒಂದೇ ಕಡೆಯಲ್ಲಿ ನೆಲೆನಿಂತ ಕಾರ್ಖಾನೆಗಳಲ್ಲಿ ಅದು ಸಾಧ್ಯ. ಸಾಧ್ಯವಿರುವ ಕಡೆಯಲ್ಲಿ ಅದನ್ನು ಸರಿಯಾಗಿ ಮಾಡದಿರುವುದು ಅಪರಾಧವೇ ಸರಿ.

ಮೂಗೊಂದೇ ಸಾಲದು

ಅಡಿಗೆಯ ಅನಿಲವು ಪ್ರೊಪೇನ್, ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಇವೆರಡಕ್ಕೂ ಬಣ್ಣವಿಲ್ಲ; ಹೇಳತಕ್ಕಷ್ಟು ವಾಸನೆಯೂ ಇಲ್ಲ. ಒಲೆಯ ತಿರುಪನ್ನು ಮರೆತಾಗ ಮೂಗಿಗೆ ಬಡಿಯುವ ಆ ಕೊಳೆತ ನಾತವು ಅನಿಲದ್ದಲ್ಲ. ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕ ಸೇರಿದ ದ್ರವ್ಯವನ್ನು ಬೇಕೆಂದೇ ಬೆರೆಸಿ ಬರಿಸಿದ ನಾತವದು. ಗಾಳಿಯೊಡನೆ ಬೆರೆತ ಅನಿಲವು ಉರಿಯಬಲ್ಲ ಮಟ್ಟದ ಐದನೆಯ ಒಂದು ಪಾಲನ್ನು ಮುಟ್ಟುವಷ್ಟರಲ್ಲಿಯೇ ಮನುಷ್ಯನ ಮೂಗಿಗೆ ಅದು ತಿಳಿದುಬರಬೇಕೆಂಬುದು ಈ ಬೆರಕೆಯ ನಿಯಮ.

ಮನೆಯಲ್ಲಿ ಈ ಉಪಾಯವು ಬಹುಮಟ್ಟಿಗೆ ಫಲಿಸುವುದು. ಕಾರ್ಖಾನೆಯಲ್ಲಿ ಫಲಿಸದು. ಕಾರಣಗಳು ಮೂರು. ಮೊದಲನೆಯದಾಗಿ, ವಾಸನೆಯನ್ನು ಬೆರೆಸುವುದು ಅನಿಲವನ್ನು ಹೊರಗೆ ಕಳುಹಿಸುವ ಹಂತದಲ್ಲಿ. ಅದಕ್ಕೆ ಮುಂಚಿನ ಯಂತ್ರಗಳಲ್ಲಿಯೂ ಕೊಳವೆಗಳಲ್ಲಿಯೂ ಅದು ವಾಸನೆಯಿಲ್ಲದೆಯೇ ಹರಿಯುತ್ತಿರಬಹುದು. ಎರಡನೆಯದಾಗಿ, ನೂರಾರು ಎಕರೆಯ ಕಾರ್ಖಾನೆಯಲ್ಲಿ ನಡುರಾತ್ರಿಯ ಹೊತ್ತಿಗೆ ಪ್ರತಿಯೊಂದು ಪಂಪಿನ ಬಳಿಯಲ್ಲಿಯೂ ಒಬ್ಬ ಮನುಷ್ಯನನ್ನು ನಿಲ್ಲಿಸಲಾಗದು. ನಿಲ್ಲಿಸಿದರೂ ಒಂದೇ ನಾತವನ್ನು ಬಹಳ ಹೊತ್ತು ಸೇವಿಸಿದ ಮೂಗು ಅದನ್ನು ಮರೆತುಬಿಡುವುದು. ಮೂರನೆಯದು ಎಲ್ಲಕ್ಕಿಂತ ಭಯಂಕರವಾದುದು. ಕಚ್ಚಾ ಎಣ್ಣೆಯಲ್ಲಿರುವ ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ಹುಟ್ಟುವುದು. ಅತ್ಯಲ್ಪವಾಗಿದ್ದಾಗ ಅದು ಕೊಳೆತ ಮೊಟ್ಟೆಯಂತೆ ನಾರುವುದು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲನ್ನು ಮುಟ್ಟಿದೊಡನೆ ಅದು ಮೂಗಿನ ನರವನ್ನೇ ಮರಗಟ್ಟಿಸುವುದು. ಆಗ ನಾತವು ನಿಲ್ಲುವುದು. ನಾತ ನಿಂತಿತೆಂದು ಮನುಷ್ಯನು ಧೈರ್ಯಗೊಳ್ಳುವನು. ಐನೂರನ್ನು ದಾಟಿ ಸಾವಿರದ ಕಡೆಗೆ ಏರಿದರೆ ಕೆಲವೇ ಉಸಿರುಗಳಲ್ಲಿ ಕುಸಿದು ಬೀಳುವನು. ಹೀಗೆ, ಕಾಯಬೇಕಾದ ಮೂಗೇ ಶತ್ರುವಿನೊಡನೆ ಸೇರಿಕೊಂಡಂತಾಗುವುದು.

2025ರ ಜುಲೈ 12ರಂದು ಮಂಗಳೂರಿನ ಈ ರಿಫೈನರಿಯಲ್ಲಿಯೇ ಟ್ಯಾಂಕೊಂದರ ಮೇಲ್ಭಾಗಕ್ಕೆ ಹೋಗಿದ್ದ ಇಬ್ಬರು ನೌಕರರು ಈ ವಿಷವಾಯುವಿಗೆ ಸಿಕ್ಕಿ ಅಸುನೀಗಿದರು. ಅವರ ನೆರವಿಗೆ ಧಾವಿಸಿದ ಮತ್ತೊಬ್ಬರೂ ಆಸ್ಪತ್ರೆಯನ್ನು ಸೇರಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಪಾಳುಬಾವಿಗೂ ಗೊಬ್ಬರದ ಅನಿಲದ ತೊಟ್ಟಿಗೂ ಇಳಿದವನ ಹಿಂದೆಯೇ ಅವನನ್ನು ಉಳಿಸಹೋದವನೂ ಸತ್ತ ವೃತ್ತಾಂತಗಳನ್ನು ಕೇಳಿರುವವರಿಗೆ ಇದರ ಮರ್ಮವು ಚೆನ್ನಾಗಿ ತಿಳಿಯುವುದು.

ಯಂತ್ರದ ಮೂಗು ಹುಟ್ಟಿದ ಬಗೆ

ಗಾಳಿಯ ಕೇಡನ್ನು ಮೊದಲೇ ತಿಳಿಯಬೇಕೆಂಬ ಆಸೆಯು ಹಳೆಯದು. ಇಂಗ್ಲೆಂಡಿನ ಸರ್ ಹಂಫ್ರಿ ಡೇವಿಯು 1815ರಲ್ಲಿ ಗಣಿಗಾರರಿಗಾಗಿ ಒಂದು ದೀಪವನ್ನು ಮಾಡಿದನು. ಅದರ ಜ್ವಾಲೆಯ ಸುತ್ತಲೂ ಸಣ್ಣ ಕಣ್ಣಿನ ತಂತಿಯ ಬಲೆಯಿದ್ದಿತು. ಬಲೆಯು ಕಾವನ್ನು ಹೀರಿಕೊಳ್ಳುವುದರಿಂದ ಒಳಗಿನ ಜ್ವಾಲೆಯು ಹೊರಗಿನ ಅನಿಲಕ್ಕೆ ತಗಲುತ್ತಿರಲಿಲ್ಲ. ಗಾಳಿಯಲ್ಲಿ ಅನಿಲವಿದ್ದರೆ ಜ್ವಾಲೆಯ ಮೇಲೆ ನಸುನೀಲಿಯ ಟೊಪ್ಪಿಯು ಕಾಣುತ್ತಿದ್ದಿತು. ಆ ಮೇಲೆ ಜೆ. ಎಸ್. ಹಾಲ್ಡೇನ್ ಎಂಬ ವೈದ್ಯ ವಿಜ್ಞಾನಿಯ ಸಲಹೆಯಂತೆ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳನ್ನು ಒಯ್ಯತೊಡಗಿದರು. ಆ ಸಣ್ಣ ಜೀವವು ವಿಷವಾಯುವಿಗೆ ಮನುಷ್ಯನಿಗಿಂತ ಮೊದಲೇ ಸೋಲುತ್ತಿದ್ದಿತು. ಬ್ರಿಟನ್ನಿನಲ್ಲಿ ಈ ಹಕ್ಕಿಗಳಿಗೆ ಗಣಿಯ ಕೆಲಸದಿಂದ ಬಿಡುಗಡೆಯಾದುದು 1986ರಲ್ಲಿ.

ಎಣ್ಣೆಯ ಉದ್ಯಮಕ್ಕೆ ತನ್ನದೇ ಆದ ಉಪಕರಣವು ದೊರೆತುದು 1920ರ ದಶಕದಲ್ಲಿ. ಅಮೆರಿಕದ ಎಣ್ಣೆಯ ಕಂಪೆನಿಯೊಂದರಲ್ಲಿದ್ದ ಆಲಿವರ್ ಜಾನ್ಸನ್ ಎಂಬಾತನು 1926-27ರಲ್ಲಿ, ಕಾದ ಪ್ಲಾಟಿನಮ್ಮಿನ ತಂತಿಯ ಮೇಲೆ ಅನಿಲವನ್ನು ಉರಿಸಿ ಅದರ ಪ್ರಮಾಣವನ್ನು ಅಳೆಯುವ ಯಂತ್ರವನ್ನು ರಚಿಸಿದನು. ಎಣ್ಣೆಯ ಹಡಗುಗಳ ಟ್ಯಾಂಕುಗಳು ಸಿಡಿಯುವುದನ್ನು ತಪ್ಪಿಸುವುದೇ ಅದರ ಉದ್ದೇಶ. ಇಂದಿನ ಯಂತ್ರಗಳೆಲ್ಲಕ್ಕೂ ಅದು ಅಜ್ಜನ ಸ್ಥಾನದಲ್ಲಿರುವುದು.

ಯಾವ ಯಂತ್ರವನ್ನು ಆರಿಸಬೇಕು?

ಅನಿಲವನ್ನು ಪತ್ತೆಹಚ್ಚುವ ಯಂತ್ರಗಳು ಈಗ ಹಲವು ಬಗೆಯಾಗಿವೆ. ಎಲ್ಲ ಅನಿಲಕ್ಕೂ ಎಲ್ಲ ಸ್ಥಳಕ್ಕೂ ಒಪ್ಪುವ ಒಂದೇ ಯಂತ್ರವಿಲ್ಲವೆಂಬುದನ್ನು ಮೊದಲು ಮನಸ್ಸಿನಲ್ಲಿಡಬೇಕು. ಒಂದೊಂದಕ್ಕೂ ಒಂದು ಗುಣವೂ ಒಂದು ದೋಷವೂ ಇರುವುವು.

ಮೊದಲನೆಯದು ಉರಿಸಿ ಅಳೆಯುವ ಯಂತ್ರ. ಇದರಲ್ಲಿ ಎರಡು ಸಣ್ಣ ಮಣಿಗಳಿವೆ. ಒಂದರ ಮೇಲೆ ಅನಿಲವನ್ನು ಸುಲಭವಾಗಿ ಉರಿಸುವ ಲೇಪವಿರುವುದು. ಇನ್ನೊಂದರ ಮೇಲೆ ಇರದು. ವಿದ್ಯುತ್ತಿನಿಂದ ಎರಡನ್ನೂ ಸುಮಾರು 500 ಡಿಗ್ರಿಯವರೆಗೆ ಕಾಯಿಸಿರುವರು. ಅನಿಲವು ಬಂದೊಡನೆ ಲೇಪವುಳ್ಳ ಮಣಿಯು ಹೆಚ್ಚಾಗಿ ಕಾಯುವುದು. ಎರಡಕ್ಕೂ ಇರುವ ವ್ಯತ್ಯಾಸವೇ ಅನಿಲದ ಲೆಕ್ಕ. ಅಗ್ಗವಾದುದು, ಉರಿಯುವ ಅನಿಲಗಳನ್ನೆಲ್ಲ, ಹೈಡ್ರೋಜನ್ನನ್ನು ಸಹ, ಗುರುತಿಸುವುದು, ಇದು ಗುಣ. ದೋಷವೇನೆಂದರೆ, ಸಿಲಿಕೋನ್, ಸೀಸ, ಗಂಧಕದ ಸಂಯುಕ್ತಗಳು ತಗಲಿದರೆ ಆ ಲೇಪವು ಸತ್ತುಹೋಗುವುದು. ಸತ್ತ ಯಂತ್ರವು ಬಾಯಿಬಿಟ್ಟು ಹೇಳದು. ಸೊನ್ನೆಯನ್ನು ತೋರಿಸುತ್ತಲೇ ಇರುವುದು. ನಿದ್ದೆ ಹೋದ ಕಾವಲುಗಾರನು ಎದ್ದವನಂತೆಯೇ ಕಾಣುವುದು ಎಷ್ಟು ಅಪಾಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇದಲ್ಲದೆ ಉರಿಯುವುದಕ್ಕೆ ಆಮ್ಲಜನಕವು ಬೇಕಾದುದರಿಂದ, ಅದಿಲ್ಲದ ಟ್ಯಾಂಕಿನೊಳಗೆ ಈ ಯಂತ್ರವು ನಿರುಪಯೋಗಿ.

ಎರಡನೆಯದು ಬೆಳಕಿನ ಯಂತ್ರ. ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಪ್ರೊಪೇನ್, ಬ್ಯೂಟೇನ್, ಮೀಥೇನ್ ಮೊದಲಾದುವು ಹೀರಿಕೊಳ್ಳುವುವು. ಕಳುಹಿಸಿದ ಕಿರಣದಲ್ಲಿ ಎಷ್ಟು ಕಡಮೆಯಾಯಿತೆಂದು ನೋಡಿ ಅನಿಲವನ್ನು ಅಳೆಯುವರು. ಇದಕ್ಕೆ ವಿಷವು ತಗಲದು, ಆಮ್ಲಜನಕವೂ ಬೇಡ. ಗಾಜು ಕೊಳೆಯಾದರೆ ಅಥವಾ ದೀಪವು ಆರಿದರೆ ತಾನೇ ತನ್ನ ರೋಗವನ್ನು ತಿಳಿಸುವುದು. ಆದರೆ ಹೈಡ್ರೋಜನ್ನನ್ನು ಇದು ಕಾಣಲಾರದು. ಹೈಡ್ರೋಜನ್ನನ್ನು ಬಳಸುವ ಘಟಕದಲ್ಲಿ ಇದನ್ನು ಮಾತ್ರ ನಂಬಿ ಕುಳಿತರೆ ಕುರುಡನನ್ನು ಕಾವಲಿಗಿಟ್ಟಂತೆ.

ಮೂರನೆಯದು ಇದರ ಅಣ್ಣನೆನ್ನಬಹುದಾದ ನೀಳದೃಷ್ಟಿಯ ಯಂತ್ರ. ಒಂದು ತುದಿಯಲ್ಲಿ ಕಿರಣವನ್ನು ಕಳುಹಿಸುವ ದೀಪ, ನೂರು ಮೀಟರಿಗೂ ಮಿಕ್ಕಿದ ದೂರದಲ್ಲಿ ಅದನ್ನು ಹಿಡಿಯುವ ಕಣ್ಣು. ನಡುವೆ ಅನಿಲದ ಮೋಡವು ಎಲ್ಲಿ ಹಾಯ್ದರೂ ತಿಳಿಯುವುದು. ಕಾರ್ಖಾನೆಯ ಎಲ್ಲೆಯ ಬೇಲಿಯುದ್ದಕ್ಕೂ ಕಾಯುವುದಕ್ಕೆ ಇದು ಉತ್ತಮ. ಆದರೆ ಕರಾವಳಿಯ ಜಡಿಮಳೆಯೂ ದಟ್ಟವಾದ ಮಂಜೂ ಕಿರಣವನ್ನು ತಡೆಯುವುವು. ಅನಿಲವು ಆ ಗೆರೆಯ ಮೇಲೆ ಎಲ್ಲಿದೆಯೆಂಬುದನ್ನೂ ಇದು ಹೇಳದು.

ನಾಲ್ಕನೆಯದು ಕಿವಿಯ ಯಂತ್ರ. ಒತ್ತಡದಲ್ಲಿರುವ ಅನಿಲವು ಸಣ್ಣ ಬಿರುಕಿನಿಂದ ನುಗ್ಗುವಾಗ ನಮ್ಮ ಕಿವಿಗೆ ಕೇಳಿಸದ ಅತಿ ತೀಕ್ಷ್ಣವಾದ ಧ್ವನಿಯನ್ನು ಮಾಡುವುದು. ಅದನ್ನು ಈ ಯಂತ್ರವು ಕೇಳುವುದು. ಗಾಳಿಯು ಬೀಸಿ ಅನಿಲವನ್ನು ಯಾವ ಕಡೆಗೆ ಒಯ್ದರೂ ಇದಕ್ಕೆ ಅಡ್ಡಿಯಿಲ್ಲ. ಆದರೆ ಒತ್ತಡವಿಲ್ಲದೆ ಮೆಲ್ಲನೆ ಜಿನುಗುವ ಎಣ್ಣೆಯ ಆವಿಯು ಶಬ್ದಮಾಡದು. ಅದಕ್ಕೆ ಈ ಕಿವಿಯು ಸಲ್ಲದು.

ಐದನೆಯದು ವಿಷವಾಯುಗಳಿಗೆಂದೇ ಇರುವ ರಾಸಾಯನಿಕ ಕೋಶ. ಹೈಡ್ರೋಜನ್ ಸಲ್ಫೈಡ್ ಅದರೊಳಗೆ ಹೊಕ್ಕೊಡನೆ ಸ್ವಲ್ಪ ವಿದ್ಯುತ್ತು ಹುಟ್ಟುವುದು. ಹತ್ತು ಲಕ್ಷದಲ್ಲಿ ಐದು ಹತ್ತು ಪಾಲುಗಳನ್ನೂ ಇದು ಗುರುತಿಸುವುದು. ಇದನ್ನು ಕಂಬಕ್ಕೆ ಕಟ್ಟಿದರಷ್ಟೇ ಸಾಲದು. ಅಪಾಯದ ಸ್ಥಳಕ್ಕೆ ಹೋಗುವ ಪ್ರತಿಯೊಬ್ಬನ ಕೊರಳಪಟ್ಟಿಯ ಬಳಿಯಲ್ಲಿ, ಅವನ ಉಸಿರು ಸುಳಿಯುವ ಜಾಗದಲ್ಲಿ, ಸಣ್ಣದೊಂದು ಇರಬೇಕು.

ಇನ್ನೊಂದು ವಿಷಯವನ್ನು ಮರೆಯಬಾರದು. ಅನಿಲವನ್ನು ಹುಡುಕುವ ಯಂತ್ರವೇ ಕಿಡಿಯನ್ನು ಹಾರಿಸಿ ಅದನ್ನು ಹೊತ್ತಿಸಬಾರದಷ್ಟೆ. ಆದುದರಿಂದ ಇಂತಹ ಯಂತ್ರಗಳನ್ನು ಬೆಂಕಿಯು ಹೊರಬರದ ಕವಚದೊಳಗಿಟ್ಟಿರುವರು. ಕಾದ ಮಣಿಗಳಿಗೂ ಅನಿಲಕ್ಕೂ ನಡುವೆ ಸಣ್ಣ ರಂಧ್ರಗಳ ಲೋಹದ ಬಿಲ್ಲೆಯಿರುವುದು; ಡೇವಿಯ ದೀಪದ ಬಲೆಯೇ ಇಲ್ಲಿ ಬಿಲ್ಲೆಯ ರೂಪವನ್ನು ತಾಳಿರುವುದು. ನಮ್ಮ ದೇಶದಲ್ಲಿ ಇಂತಹ ಉಪಕರಣಗಳಿಗೆ ನಾಗಪುರದಲ್ಲಿ ಮುಖ್ಯ ಕಛೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಒಪ್ಪಿಗೆಯು ಬೇಕು.

ಎಲ್ಲಿ ನಿಲ್ಲಿಸಬೇಕು?

ಒಳ್ಳೆಯ ಯಂತ್ರವನ್ನು ಕೊಂಡು ತಪ್ಪಾದ ಸ್ಥಳದಲ್ಲಿಟ್ಟರೆ ಹಣವೂ ಹೋಯಿತು, ಪ್ರಾಣವೂ ಹೋಯಿತು. ಸ್ಥಳವನ್ನು ನಿರ್ಣಯಿಸುವುದಕ್ಕೆ ಮೊದಲ ಆಧಾರವು ಅನಿಲದ ತೂಕ. ಕಿಕ್ಕೇರಿಯ ಕೆರೆಯ ಮೇಲೆ ಮಾಗಿಯ ಬೆಳಗ್ಗೆ ಮಂಜು ಹೇಗೆ ತಗ್ಗಿನಲ್ಲಿಯೇ ಹಾಸಿಕೊಂಡು ಗಾಳಿಯಿಲ್ಲದಾಗ ಕದಲದೆ ನಿಂತಿರುವುದೋ ಅಡಿಗೆಯ ಅನಿಲವೂ ಹಾಗೆಯೇ ವರ್ತಿಸುವುದು. ಪ್ರೊಪೇನ್ ಗಾಳಿಗಿಂತ ಒಂದೂವರೆಯಷ್ಟು, ಬ್ಯೂಟೇನ್ ಎರಡರಷ್ಟು ಭಾರ. ಸೋರಿದ ಅನಿಲವು ನೀರಿನಂತೆ ಇಳಿಜಾರನ್ನು ಹುಡುಕಿ ಚರಂಡಿ, ಗುಂಡಿ, ನೆಲಮಾಳಿಗೆಗಳಲ್ಲಿ ತುಂಬಿಕೊಳ್ಳುವುದು. ಆದುದರಿಂದ ಇದಕ್ಕೆ ಇಡುವ ಯಂತ್ರವು ನೆಲಕ್ಕೆ ಹತ್ತಿರ, ಸುಮಾರು ಒಂದರಿಂದ ಎರಡು ಅಡಿಯ ಎತ್ತರದಲ್ಲಿರಬೇಕು. ಮಳೆಯ ನೀರು ಸಿಡಿದು ಮುಚ್ಚುವಷ್ಟು ಕೆಳಗೂ ಇರಬಾರದು. ಹೈಡ್ರೋಜನ್ನು ಬಹಳ ಹಗುರ. ಅದು ಸೂರಿನ ಕೆಳಗೆ ಸೇರುವುದು. ಅದರ ಯಂತ್ರವು ಮೇಲಿರಬೇಕು. ಮೀಥೇನೂ ಹಗುರವೇ. ಆದರೆ ಅತಿ ಶೀತಲ ದ್ರವದಿಂದ ಹುಟ್ಟಿದ ಮೀಥೇನು ತಂಪಿನಿಂದ ಭಾರವಾಗಿ ಮೊದಲು ನೆಲದ ಮೇಲೆ ಹರಿದು, ಕಾವೇರಿದ ಮೇಲೆ ಏಳುವುದು. ತೂಕವನ್ನು ಪುಸ್ತಕದಲ್ಲಿ ಓದಿದರಷ್ಟೇ ಸಾಲದು, ಅನಿಲವು ಹೊರಬರುವ ಸ್ಥಿತಿಯನ್ನೂ ಯೋಚಿಸಬೇಕೆಂಬುದಕ್ಕೆ ಇದು ಉದಾಹರಣೆ.

ಎರಡನೆಯ ಆಧಾರವು ಸೋರುವ ಸಂಭವ. ಬೆಸುಗೆ ಹಾಕಿದ ನೇರವಾದ ಕೊಳವೆಯು ಸೋರುವುದು ಅಪೂರ್ವ. ಸೋರುವುದು ತಿರುಗುವ ಪಂಪಿನ ಅಚ್ಚಿನ ಬಳಿಯಲ್ಲಿ, ಕಂಪ್ರೆಸರಿನಲ್ಲಿ, ಕವಾಟಗಳ ಕಂಠದಲ್ಲಿ, ಮಾದರಿಯನ್ನು ತೆಗೆಯುವ ನಲ್ಲಿಗಳಲ್ಲಿ, ಟ್ಯಾಂಕಿನ ತಳದ ನೀರನ್ನು ಬಿಡುವ ತೂಬಿನಲ್ಲಿ, ಲಾರಿಗಳಿಗೆ ತುಂಬುವ ಕಟ್ಟೆಯಲ್ಲಿ. ಇಂತಹ ಸ್ಥಳಗಳನ್ನೆಲ್ಲ ಪಟ್ಟಿಮಾಡಿ ಒಂದೊಂದಕ್ಕೂ ಕಾವಲಿಡಬೇಕು.

ಮೂರನೆಯದು ಗಾಳಿ. ವರ್ಷದ ಯಾವ ಕಾಲದಲ್ಲಿ ಯಾವ ದಿಕ್ಕಿನಿಂದ ಬೀಸುವುದೆಂದು ನೋಡಬೇಕು. ಮಂಗಳೂರಿನಲ್ಲಿ ಹಗಲು ಕಡಲಿನಿಂದ ನೆಲದ ಕಡೆಗೂ, ರಾತ್ರಿ ನೆಲದಿಂದ ಕಡಲಿನ ಕಡೆಗೂ ಗಾಳಿಯು ತಿರುಗುವುದು. ಒಂದೇ ಪಕ್ಕದಲ್ಲಿ ಯಂತ್ರವನ್ನಿಟ್ಟರೆ ಅರ್ಧ ದಿನ ಅದು ಏನನ್ನೂ ಕಾಣದು. ಬಿರುಗಾಳಿಗಿಂತ ಗಾಳಿಯೇ ಇಲ್ಲದ ರಾತ್ರಿಯೇ ಹೆಚ್ಚು ಕೆಟ್ಟದ್ದೆಂಬುದನ್ನು ತಿಳಿಯಬೇಕು. ಆಗ ಅನಿಲವು ಚದರಿಹೋಗದೆ ಮೋಡವಾಗಿ ಕೂಡುವುದು.

ನಾಲ್ಕನೆಯದು ಬೆಂಕಿಯೂ ಜನರೂ ಇರುವ ಸ್ಥಳ. ಉರಿಯುವ ಕುಲುಮೆಗೂ ಅನಿಲದ ಟ್ಯಾಂಕಿಗೂ ನಡುವೆ ಕಾವಲಿರಬೇಕು. ಕಾರ್ಖಾನೆಯನ್ನು ನಡೆಸುವವರು ಕುಳಿತಿರುವ ಕೋಣೆಗೆ ಹೊರಗಿನ ಗಾಳಿಯನ್ನು ಸೆಳೆಯುವ ಬಾಯಿಯಲ್ಲಿ ಯಂತ್ರವು ಅವಶ್ಯವಾಗಿರಬೇಕು. ಇಲ್ಲವಾದರೆ ಆಪತ್ತನ್ನು ನಿವಾರಿಸತಕ್ಕವರ ಮೇಲೆಯೇ ಮೊದಲು ಅದು ಎರಗುವುದು.

ಎಷ್ಟು ಯಂತ್ರಗಳು ಬೇಕೆಂಬುದಕ್ಕೆ ಬ್ರಿಟನ್ನಿನ ಅನುಭವವು ದಾರಿತೋರಿಸಿದೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ಎಣ್ಣೆಯ ಕಟ್ಟೆಯಲ್ಲಿ ಅನಿಲವು ಸೋರಿ ಸಿಡಿದು 167 ಮಂದಿ ಸತ್ತರು. ಆ ಬಳಿಕ ಅಲ್ಲಿನವರು ಪರೀಕ್ಷೆಗಳನ್ನು ಮಾಡಿ, ಕೊಳವೆ ಯಂತ್ರಗಳಿಂದ ಇಕ್ಕಟ್ಟಾದ ಸ್ಥಳದಲ್ಲಿ ಸುಮಾರು 6 ಮೀಟರು ಅಗಲದ ಅನಿಲದ ಮೋಡವೂ ವಿನಾಶಕರವಾಗಬಲ್ಲುದೆಂದು ಕಂಡರು. ಆದುದರಿಂದ ಅದು ಎಲ್ಲಿಯೂ ತಪ್ಪಿಸಿಕೊಳ್ಳದಂತೆ ಸುಮಾರು 5 ಮೀಟರಿಗೊಂದು ಯಂತ್ರವನ್ನಿಡುವ ಪದ್ಧತಿಯು ಬಂದಿತು. ಬಯಲಿನಲ್ಲಿ ಇಷ್ಟು ಬೇಡ; ಕಿಕ್ಕಿರಿದ ಕಡೆಯಲ್ಲಿ ಇದಕ್ಕೆ ಕಡಮೆಯಾಗಲಾಗದು. ಸ್ಥಳವನ್ನು ನೋಡದೆ ಲೆಕ್ಕವನ್ನು ಮಾತ್ರ ತುಂಬಿಸುವುದು ಕಾವಲಲ್ಲ, ಕಾವಲಿನ ವೇಷ.

ಕೂಗಿದ ಮೇಲೆ ಕೇಳುವವರು

ಅಡಿಗೆಯ ಅನಿಲವು ಗಾಳಿಯಲ್ಲಿ ಶೇಕಡ ಸುಮಾರು 1.8ರಿಂದ 9ರವರೆಗೆ ಬೆರೆತಾಗ ಮಾತ್ರ ಉರಿಯುವುದು. ಕೆಳಗಿನ ಮಟ್ಟದ ಐದನೆಯ ಒಂದು ಪಾಲು, ಅಂದರೆ ಶೇಕಡ 0.36, ಮುಟ್ಟಿದಾಗ ಯಂತ್ರವು ಮೊದಲ ಎಚ್ಚರಿಕೆಯನ್ನು ಕೊಡುವಂತೆ ಸಾಮಾನ್ಯವಾಗಿ ಏರ್ಪಡಿಸುವರು. ಇನ್ನೂ ಏರಿ ಅರ್ಧದ ಸುಮಾರಿಗೆ ಬಂದರೆ ಎರಡನೆಯ ಕೂಗು. ಆಗ ಕವಾಟಗಳು ತಾವೇ ಮುಚ್ಚಿಕೊಂಡು ಪಂಪುಗಳು ನಿಲ್ಲುವುವು. ಒಂದು ಯಂತ್ರವು ತಪ್ಪು ಹೇಳಿ ಇಡೀ ಕಾರ್ಖಾನೆಯನ್ನು ನಿಲ್ಲಿಸಬಾರದೆಂದು, ಒಂದೇ ಕಡೆಯಲ್ಲಿ ಮೂರನ್ನಿಟ್ಟು ಎರಡು ಒಪ್ಪಿದರೆ ನಂಬುವ ಕ್ರಮವೂ ಉಂಟು. ಊರಿನ ಪಂಚಾಯತಿಯ ನ್ಯಾಯದಂತೆ ಇದು.

ಆದರೆ ಯಂತ್ರವು ಕೂಗುವುದು ಒಂದು, ಮನುಷ್ಯನು ಕೇಳುವುದು ಇನ್ನೊಂದು. 2010ರ ಏಪ್ರಿಲ್ 20ರಂದು ಅಮೆರಿಕದ ತೀರದಾಚೆ ಡೀಪ್‌ವಾಟರ್ ಹೊರೈಜನ್ ಎಂಬ ಕೊಳವೆಬಾವಿಯ ಹಡಗು ಸಿಡಿದು 11 ಮಂದಿ ಮಡಿದರು. ಹಡಗಿನ ಮುಖ್ಯ ಗಂಟೆಯು ತಾನಾಗಿ ಬಾರಿಸದಂತೆ ಮೊದಲೇ ತಡೆದಿದ್ದರೆಂದೂ, ನಡುರಾತ್ರಿ ಸುಳ್ಳು ಕೂಗಿನಿಂದ ಮಲಗಿದವರಿಗೆ ತೊಂದರೆಯಾಗದಿರಲೆಂಬುದೇ ಅದಕ್ಕೆ ಕಾರಣವೆಂದೂ ಅಲ್ಲಿಯ ನೌಕರನೊಬ್ಬನು ವಿಚಾರಣೆಯಲ್ಲಿ ಸಾಕ್ಷ್ಯ ನುಡಿದನು. ಸುಳ್ಳು ಕೂಗುವ ಯಂತ್ರವನ್ನು ಬಾಯಿಮುಚ್ಚಿಸುವುದು ಸುಲಭ. ಅದೇಕೆ ಸುಳ್ಳು ಕೂಗುವುದೆಂದು ಹುಡುಕುವುದು ಕಷ್ಟ. ಆ ಕಷ್ಟವನ್ನು ಪಡದವರಿಗೆ ನಿಜವಾದ ಕೂಗೂ ಕೇಳಿಸದೆ ಹೋಗುವುದು.

ನಮ್ಮ ದೇಶದ ದೊಡ್ಡ ಪಾಠವು ಜಯಪುರದ್ದು. 2009ರ ಅಕ್ಟೋಬರ್ 29ರ ಸಂಜೆ ಅಲ್ಲಿಯ ಎಣ್ಣೆಯ ಉಗ್ರಾಣದಲ್ಲಿ ಕವಾಟವೊಂದರಿಂದ ಪೆಟ್ರೋಲು ಕಾರಂಜಿಯಂತೆ ಚಿಮ್ಮಿತು. ಅದರ ಆವಿಯು ಸುಮಾರು ಒಂದೂಕಾಲು ಗಂಟೆಯ ಕಾಲ ಉಗ್ರಾಣದ ತುಂಬ ಹರಡಿ ಕೊನೆಗೆ ಸಿಡಿಯಿತು. 11 ಮಂದಿ ಸತ್ತರು. ಬೆಂಕಿಯು ಹತ್ತು ದಿನಕ್ಕೂ ಮಿಕ್ಕಿ ಉರಿಯಿತು. ಒಂದೂಕಾಲು ಗಂಟೆಯೆಂದರೆ ಅಲ್ಪಕಾಲವಲ್ಲ. ದೂರದಲ್ಲಿ ಕುಳಿತು ಕವಾಟವನ್ನು ಮುಚ್ಚುವ ಏರ್ಪಾಡು ಕೆಲಸಮಾಡುತ್ತಿದ್ದರೆ ಅಷ್ಟರೊಳಗೆ ಎಲ್ಲವನ್ನೂ ತಡೆಯಬಹುದಾಗಿದ್ದಿತು. ವಿಚಾರಣೆಗಾಗಿ ನೇಮಿಸಿದ ಎಂ. ಬಿ. ಲಾಲ್ ಸಮಿತಿಯು ಇಂತಹ ಉಗ್ರಾಣಗಳಲ್ಲಿ ಅನಿಲವನ್ನು ಪತ್ತೆಹಚ್ಚುವ ಯಂತ್ರಗಳನ್ನೂ, ದೂರದಿಂದ ಮುಚ್ಚುವ ಕವಾಟಗಳನ್ನೂ ಇಡಬೇಕೆಂದು ಹೇಳಿತು. 1986ರಲ್ಲಿ ಸ್ಥಾಪಿತವಾದ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯವು ಈ ವಿಷಯದಲ್ಲಿ ನಿಯಮಗಳನ್ನು ಬರೆದು ಕಾರ್ಖಾನೆಗಳನ್ನು ಪರೀಕ್ಷಿಸುತ್ತಿರುವುದು.

ನಿಯಮವನ್ನು ಬರೆದುದರಿಂದಲೇ ಯಂತ್ರವು ಎಚ್ಚರವಾಗಿರದು. ಗೊತ್ತಾದ ಕಾಲಕ್ಕೆ ಪ್ರತಿಯೊಂದಕ್ಕೂ ತಿಳಿದ ಪ್ರಮಾಣದ ಅನಿಲವನ್ನು ಉಣಿಸಿ ಅದು ಸರಿಯಾಗಿ ಹೇಳುವುದೇ ಎಂದು ನೋಡಬೇಕು. ಜೇಡರ ಬಲೆ, ಧೂಳು, ಬಣ್ಣ ಬಳಿಯುವವನ ಕುಂಚ ಇವೆಲ್ಲವೂ ಅದರ ಮೂಗನ್ನು ಮುಚ್ಚುವುವು. ಏಣಿಯಿಲ್ಲದೆ ತಲಪಲಾಗದ ಎತ್ತರದಲ್ಲಿಟ್ಟ ಯಂತ್ರವನ್ನು ಯಾರೂ ಪರೀಕ್ಷಿಸರು. ಆದುದರಿಂದ ಸ್ಥಳವನ್ನು ಆರಿಸುವಾಗಲೇ ಅದನ್ನು ನೋಡಿಕೊಳ್ಳುವವನ ಅನುಕೂಲವನ್ನೂ ಯೋಚಿಸುವುದು ಬುದ್ಧಿವಂತರ ಲಕ್ಷಣ.

ನಮ್ಮ ಮನೆಗೆ ಸಲ್ಲುವ ಮಾತು

ಇನ್ನು ಕಿಕ್ಕೇರಿಯ ಅಡಿಗೆಯ ಮನೆಗೆ ಬರೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಗಾಳಿಯೆಲ್ಲವೂ ಉರಿಯಬಲ್ಲಂತಾಗಲು ಸುಮಾರು ಒಂದೂಕಾಲು ಕಿಲೋಗ್ರಾಮು ಅನಿಲವು ಸಾಕೆಂದು ಲೆಕ್ಕಹಾಕಬಹುದು. ಸಿಲಿಂಡರಿನ ಹತ್ತನೆಯ ಒಂದು ಪಾಲೂ ಅಲ್ಲ. ಅನಿಲವು ನೆಲದಲ್ಲಿಯೇ ನಿಲ್ಲುವುದರಿಂದ ಅದಕ್ಕಿಂತ ಬಹು ಕಡಮೆಯೇ ಅಪಾಯಕ್ಕೆ ಸಾಕು.

ಕಾರ್ಖಾನೆಯ ನಿಯಮಗಳೇ ಇಲ್ಲಿಯೂ ನಿಯಮಗಳು. ಕಿಟಕಿಯು ತೆರೆದಿದ್ದರೂ ಹೊಸ್ತಿಲು ಎತ್ತರವಾಗಿದ್ದರೆ ಅನಿಲವು ಒಳಗೇ ಮಡುಗಟ್ಟುವುದು. ನೆಲದ ಮಟ್ಟದಲ್ಲಿ ಗಾಳಿ ಹೋಗುವ ಕಂಡಿಯಿರಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು; ಒಲೆಯು ಅದಕ್ಕಿಂತ ಎತ್ತರದಲ್ಲಿರಬೇಕು. ರಾತ್ರಿ ಮಲಗುವಾಗ ಒಲೆಯ ತಿರುಪನ್ನು ಮಾತ್ರವಲ್ಲದೆ ಸಿಲಿಂಡರಿನ ಗುಂಡಿಯನ್ನೂ ನಿಲ್ಲಿಸಬೇಕು. ನಾತವು ಬಂದರೆ ವಿದ್ಯುದ್ದೀಪದ ಗುಂಡಿಯನ್ನು ಹಾಕಲೂ ಬಾರದು, ಆರಿಸಲೂ ಬಾರದು. ಅದರ ಕಿಡಿಯೇ ಸಾಕು. ದೇವರ ದೀಪವು ಉರಿಯುತ್ತಿದ್ದರೆ, ಅನಿಲವು ಹರಡುವ ಮೊದಲೇ ಅದನ್ನು ಆರಿಸಬೇಕು. ಬಾಗಿಲು ಕಿಟಕಿಗಳನ್ನು ತೆರೆದು ಎಲ್ಲರೂ ಹೊರಗೆ ಬರಬೇಕು. ದೂರವಾಣಿಯನ್ನು ಹೊರಗೆ ನಿಂತು ಮಾಡಬೇಕು. ಅನಿಲದ ಸೋರಿಕೆಗೆಂದೇ ದೇಶದಲ್ಲೆಲ್ಲ 1906 ಎಂಬ ಸಂಖ್ಯೆಯಿರುವುದು. ಸೋರುವ ಸ್ಥಳವನ್ನು ಹುಡುಕಲು ಸೋಪಿನ ನೊರೆಯೇ ಸಾಧನ, ಬೆಂಕಿಯ ಕಡ್ಡಿಯಲ್ಲ.

ವಯಸ್ಸಾದವರಿಗೆ ಮೂಗಿನ ಶಕ್ತಿಯು ಕುಂದಿರುವುದು. 2020-21ರ ಮಹಾರೋಗದಲ್ಲಿ ವಾಸನೆಯನ್ನು ಕಳೆದುಕೊಂಡವರೂ ಬಹಳ ಮಂದಿ. ಇಂತಹವರಿರುವ ಮನೆಯಲ್ಲಿ ಚಿಕ್ಕ ಯಂತ್ರವೊಂದನ್ನು ಇಡುವುದು ಒಳ್ಳೆಯದು. ಜಪಾನಿನ ನಾವೊಯೊಶಿ ತಗುಚಿ ಎಂಬಾತನು 1960ರ ದಶಕದಲ್ಲಿ ತವರದ ಆಕ್ಸೈಡಿನಿಂದ ಅಗ್ಗವಾದ ಅನಿಲಸೂಚಕವನ್ನು ಮಾಡಿ ಇದನ್ನು ಮನೆಗಳಿಗೂ ಎಟುಕಿಸಿದನು. ಆದರೆ ಅದನ್ನು ಕಣ್ಣಿಗೆ ಕಾಣಲೆಂದು ಗೋಡೆಯ ಮೇಲ್ಭಾಗದಲ್ಲಿ ಹೊಡೆದರೆ ವ್ಯರ್ಥ. ಅದು ನೆಲದಿಂದ ಒಂದಡಿಯ ಎತ್ತರದಲ್ಲಿರಬೇಕು. ಒಲೆಗೆ ತೀರ ಹತ್ತಿರವಿದ್ದರೆ ಒಗ್ಗರಣೆಯ ಹೊಗೆಗೂ ಕೂಗಿಕೊಳ್ಳುವುದು. ಕೂಗಿ ಕೂಗಿ ಬೇಸರ ತಂದ ಯಂತ್ರದ ಗತಿಯು ಏನಾಗುವುದೆಂಬುದನ್ನು ಮೇಲೆ ಹೇಳಿರುವೆವು.

ಪಾಳುಬಾವಿ, ಮಲದ ಗುಂಡಿ, ಗೊಬ್ಬರದ ಅನಿಲದ ತೊಟ್ಟಿ ಇವುಗಳಿಗೆ ಇಳಿಯುವ ವಿಷಯದಲ್ಲಿ ನಮ್ಮ ಹಳ್ಳಿಗರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಒಬ್ಬನು ಕೆಳಗೆ ಬಿದ್ದುದನ್ನು ಕಂಡರೆ ಹಗ್ಗವನ್ನು ಹಿಡಿದು ಹಿಂದೆಯೇ ಇಳಿಯುವುದು ಪ್ರೀತಿಯ ಲಕ್ಷಣವಾದರೂ ವಿವೇಕದ ಲಕ್ಷಣವಲ್ಲ. ಅಗ್ನಿಶಾಮಕ ದಳದವರಲ್ಲಿ ಗಾಳಿಯ ಯಂತ್ರವೂ ಉಸಿರಿನ ಮುಖವಾಡವೂ ಇರುವುವು. ಅವರು ಬರುವವರೆಗೆ ಮೇಲಿನಿಂದ ಗಾಳಿಯನ್ನು ಬೀಸುವುದೂ, ಮೊದಲೇ ಸೊಂಟಕ್ಕೆ ಹಗ್ಗವನ್ನು ಕಟ್ಟಿದ್ದರೆ ಮೇಲಕ್ಕೆ ಎಳೆಯುವುದೂ ಮಾಡತಕ್ಕ ಕೆಲಸ. ಇಳಿಯುವ ಮೊದಲು ಬೆಂಕಿಯ ದೀಪವನ್ನು ಬಾವಿಗೆ ಬಿಟ್ಟು ನೋಡುವ ಹಳೆಯ ರೂಢಿಯು ಉಸಿರಿಲ್ಲದ ಗಾಳಿಯನ್ನು ತಿಳಿಸುವುದೇ ಹೊರತು ವಿಷವನ್ನು ತಿಳಿಸದು. ಅನಿಲದ ತೊಟ್ಟಿಯಲ್ಲಿಯಂತೂ ಅದೇ ಸ್ಫೋಟಕ್ಕೆ ಕಾರಣವಾಗುವುದು.

ಕಾರ್ಖಾನೆಯ ಯಂತ್ರಗಳನ್ನು ಆರಿಸುವ ಕೆಲಸವು ಎಂಜಿನಿಯರುಗಳದು, ನಮ್ಮದಲ್ಲ. ಆದರೂ ಅವುಗಳ ಸಮೀಪದಲ್ಲಿ ವಾಸಿಸುವವರು ಕೇಳಬೇಕಾದ ಪ್ರಶ್ನೆಗಳಿವೆ. ನಮ್ಮ ಊರಿನ ಕಡೆಯ ಎಲ್ಲೆಯಲ್ಲಿ ಕಾವಲುಂಟೇ? ಅದನ್ನು ಕಡೆಯ ಸಲ ಪರೀಕ್ಷಿಸಿದುದು ಎಂದು? ಕೂಗು ಕೇಳಿದರೆ ಮಕ್ಕಳನ್ನು ಕರೆದುಕೊಂಡು ನಾವು ಯಾವ ದಿಕ್ಕಿಗೆ ಹೋಗಬೇಕು? ಈ ಮೂರಕ್ಕೂ ಸರಿಯಾದ ಉತ್ತರವು ದೊರೆಯುವ ಊರಿನಲ್ಲಿ ಕಾವಲುಂಟೆಂದು ತಿಳಿಯಬಹುದು. ದೊರೆಯದಿದ್ದಲ್ಲಿ, ದೊರೆಯುವವರೆಗೂ ಕೇಳುತ್ತಿರುವುದು ಗೃಹಸ್ಥರ ಹಕ್ಕು, ಕರ್ತವ್ಯವೂ ಹೌದು.